ಲೋರಾಂ ಡುವೆರ್ನೇ-ಟಾರ್ಡಿಫ್

ಲೋರಾಂ ಡುವೆರ್ನೇ-ಟಾರ್ಡಿಫ್ (ಜನನ: ಫೆಬ್ರವರಿ 11, 1991) ಕೆನಡಾದ ಕ್ವಿಬೆಕ್ ಪ್ರಾಂತ್ಯದ ವೈದ್ಯರು ಹಾಗೂ ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರರು. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ (ಎನ್‌ಎಫ್‌ಎಲ್) ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ನ್ಯೂಯಾರ್ಕ್ ಜೆಟ್ಸ್ ತಂಡಗಳ ಪರವಾಗಿ ಗಾರ್ಡ್ ಸ್ಥಾನದಲ್ಲಿ ಆಡಿದರು.

ಗಾರ್ಡ್ ಸ್ಥಾನ

ಅಮೆರಿಕನ್ ಫುಟ್‌ಬಾಲಿನಲ್ಲಿ ಆಕ್ರಮಣ ಮಾಡುವ ತಂಡದ ಮುಂಭಾಗದಲ್ಲಿ ಐವರು ದೃಢಕಾಯರು ಸಾಲಾಗಿ ನಿಲ್ಲುತ್ತಾರೆ. ನಡುವಿನವನು ಸೆಂಟರ್, ಅವನ ಎಡಬಲಗಳಲ್ಲಿ ಇರುವವರು ಗಾರ್ಡ್‌ಗಳು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ ಮೇಲೆ ಎದುರಾಳಿಗಳು ಎರಗದಂತೆ ತಡೆಯುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವುದು ಇವರ ಕೆಲಸ. ಗಾರ್ಡ್ ಚೆಂಡನ್ನು ಮುಟ್ಟುವುದೇ ಅಪರೂಪ. ಅವನು ತಪ್ಪಿದಾಗ ಮಾತ್ರ ಪ್ರೇಕ್ಷಕರ ಕಣ್ಣು ಅವನತ್ತ ಹೊರಳುತ್ತದೆ.

ಶಿಕ್ಷಣ ಮತ್ತು ಆಯ್ಕೆ

ಮಾಂಟ್ರಿಯಲ್ ಸಮೀಪದ ಮೋಂ-ಸೇಂಟ್-ಇಲೇರ್ ಇವರ ಊರು, ಮಾತೃಭಾಷೆ ಫ್ರೆಂಚ್. ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದುತ್ತಲೇ ಅಲ್ಲಿನ ತಂಡದಲ್ಲಿ ಆಡಿದರು. 2013ರಲ್ಲಿ ಕೆನಡಾದ ವಿಶ್ವವಿದ್ಯಾನಿಲಯಗಳ ಅತ್ಯುತ್ತಮ ಲೈನ್‌ಮನ್‌ಗೆ ಸಲ್ಲುವ ಜೆ. ಪಿ. ಮೆಟ್ರಾಸ್ ಪ್ರಶಸ್ತಿ ಪಡೆದರು. ಎನ್‌ಎಫ್‌ಎಲ್ ಸೇರುವವರಲ್ಲಿ ಬಹುತೇಕರು ಅಮೆರಿಕದ ಕಾಲೇಜುಗಳಿಂದಲೇ ಬರುತ್ತಾರೆ. ಹಾಗಿರುವಾಗ ಮೆಕ್‌ಗಿಲ್‌ನ ವಿದ್ಯಾರ್ಥಿಯೊಬ್ಬರನ್ನು 2014ರ ಆಟಗಾರರ ಆಯ್ಕೆಯ ಆರನೆಯ ಸುತ್ತಿನಲ್ಲಿ, 200ನೆಯವರಾಗಿ, ಚೀಫ್ಸ್ ಆರಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ತರಬೇತುದಾರ ಆಂಡಿ ರೀಡ್ ಇವರ ಓದಿಗೆ ಅಡ್ಡಿಯಾಗಲಿಲ್ಲ. ಅವರ ತಾಯಿಯೂ ಮೆಕ್‌ಗಿಲ್‌ನಲ್ಲಿ ಕಲಿತ ವೈದ್ಯೆ.

ಕಾನ್ಸಾಸ್ ಸಿಟಿಯಲ್ಲಿ

ಮೊದಲ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. 2015ರಿಂದ ಬಲಬದಿಯ ಗಾರ್ಡ್ ಸ್ಥಾನ ಇವರದಾಯಿತು. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಮಾಂಟ್ರಿಯಲ್‌ಗೆ ಮರಳಿ ವ್ಯಾಸಂಗ ಮುಂದುವರಿಸಿ 2018ರಲ್ಲಿ ವೈದ್ಯ ಪದವಿ ಪಡೆದರು. ಅಂಗಿಯ ಮೇಲೆ ಹೆಸರಿನೊಡನೆ 'ಎಂ.ಡಿ.' ಎಂದು ಬರೆಸಿಕೊಳ್ಳಲು ಕೇಳಿದಾಗ ಲೀಗ್ ಒಪ್ಪಲಿಲ್ಲ. ಆ ವರ್ಷವೇ ಕಾಲಿನ ಮೂಳೆ ಮುರಿಯಿತು. ಚೇತರಿಸಿಕೊಂಡು, 2020ರ ಫೆಬ್ರವರಿ 2ರಂದು ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 31-20ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದ ಚೀಫ್ಸ್ ತಂಡದಲ್ಲಿ ಆಡಿದರು. ಅದು ಐವತ್ತು ವರ್ಷಗಳ ಬಳಿಕ ಆ ತಂಡಕ್ಕೆ ದೊರೆತ ಪಟ್ಟ.

ಕೋವಿಡ್ ಮತ್ತು ಆಟದಿಂದ ಬಿಡುವು

ಕೆಲವೇ ವಾರಗಳಲ್ಲಿ ಸಾಂಕ್ರಾಮಿಕ ಹರಡಿತು. ಕ್ವಿಬೆಕ್‌ನಲ್ಲಿ ವೃದ್ಧರ ದೀರ್ಘಕಾಲೀನ ಆರೈಕೆ ಕೇಂದ್ರಗಳಿಗೆ ಭಾರೀ ಪೆಟ್ಟು ಬಿತ್ತು. ಪದವಿಯಿದ್ದರೂ ನಂತರದ ಕಡ್ಡಾಯ ತರಬೇತಿ ಮುಗಿದಿರಲಿಲ್ಲವಾದ್ದರಿಂದ ಸ್ವತಂತ್ರ ವೈದ್ಯರಾಗಿ ದುಡಿಯುವಂತಿರಲಿಲ್ಲ. ಅಂತಹ ಒಂದು ಕೇಂದ್ರದಲ್ಲಿ ಆರೈಕೆ ಸಹಾಯಕರಾಗಿ, ದಾದಿಯರೊಡನೆ ಕೆಲಸಕ್ಕೆ ನಿಂತರು. ಜುಲೈ 24ರಂದು ಆ ಋತುವಿನಲ್ಲಿ ಆಡುವುದಿಲ್ಲವೆಂದು ಪ್ರಕಟಿಸಿದರು. ಕೋವಿಡ್ ಕಾರಣದಿಂದ ಹಾಗೆ ಹಿಂದೆ ಸರಿದ ಎನ್‌ಎಫ್‌ಎಲ್ ಆಟಗಾರರಲ್ಲಿ ಇವರೇ ಮೊದಲಿಗರು. ಬಿಟ್ಟುಕೊಟ್ಟ ಸಂಬಳ 27.5 ಲಕ್ಷ ಡಾಲರ್. ಸೋಂಕನ್ನು ಹರಡುವ ಅಪಾಯವಿರುವುದಾದರೆ ಅದು ರೋಗಿಗಳ ಸೇವೆಯಲ್ಲಿ ಆಗಲಿ, ಆಟಕ್ಕಾಗಿ ಬೇಡ ಎಂಬುದು ಇವರ ನಿಲುವಾಗಿತ್ತು. ಅದೇ ವರ್ಷ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ವರ್ಷದ ಕ್ರೀಡಾವ್ಯಕ್ತಿಗಳ ಸಾಲಿನಲ್ಲಿ ಇವರನ್ನು ಹೆಸರಿಸಿತು. ಕೆನಡಾದ ಲೂ ಮಾರ್ಶ್ ಪ್ರಶಸ್ತಿಯನ್ನು ಫುಟ್‌ಬಾಲ್ ಆಟಗಾರ ಅಲ್ಫಾನ್ಸೋ ಡೇವಿಸ್‌ರೊಂದಿಗೆ ಹಂಚಿಕೊಂಡರು.

ಇತ್ತ ಚೀಫ್ಸ್ ಮತ್ತೆ ಸೂಪರ್ ಬೌಲ್ ತಲುಪಿ, 2021ರ ಫೆಬ್ರವರಿಯಲ್ಲಿ ಟ್ಯಾಂಪಾ ಬೇ ಎದುರು 9-31ರಿಂದ ಸೋತಿತು. ಗಾಯಗಳಿಂದ ಬಡವಾಗಿದ್ದ ಮುಂಚೂಣಿ ಸಾಲು ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ರಕ್ಷಣೆ ನೀಡಲಾಗಲಿಲ್ಲ. ಗಾರ್ಡ್‌ನ ಬೆಲೆ ತಿಳಿಯಲು ಆ ಪಂದ್ಯವೊಂದನ್ನು ನೋಡಿದರೆ ಸಾಕು.

ನಂತರದ ವರ್ಷಗಳು

2021ರಲ್ಲಿ ಮರಳಿದಾಗ ಸ್ಥಾನ ಕಾದಿರಲಿಲ್ಲ. ಅಭ್ಯಾಸದಲ್ಲಿ ಕೈಗೆ ಪೆಟ್ಟಾಯಿತು. ಹೊಸಬ ಟ್ರೇ ಸ್ಮಿತ್ ಆ ಜಾಗದಲ್ಲಿ ನೆಲೆಯೂರಿದರು. ನವೆಂಬರಿನಲ್ಲಿ ಚೀಫ್ಸ್ ಇವರನ್ನು ಜೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಆಟದಿಂದ ನಿವೃತ್ತರಾದರು.