ಮಾರ್ಕ್ಸಿಗೆ ಎಷ್ಟು ದುಡ್ಡು?

ಮಾರ್ಕ್ಸ್ ಕಾರ್ಡ್ ಬಂದ ದಿನ ನಮ್ಮನೇಲಿ ಸಣ್ಣದೊಂದು ಪಂಚಾಯ್ತಿನೇ ನಡೆದೋಯ್ತು ಕಣ್ರಮ್ಮಾ. ಬೆಂಗಳೂರಲ್ಲಿರೋ ನಮ್ ಮೈದುನ ಸಂಕ್ರಾಂತಿಗೆ ಬಂದಾಗಲೇ ಮಕ್ಕಳನ್ನ ಕೂರಿಸ್ಕೊಂಡು ಹೇಳಿದ್ದ, "ಯಾವ ಸಬ್ಜೆಕ್ಟಲ್ಲಿ ತೊಂಬತ್ತು ದಾಟ್ತೀರೋ ಅದಕ್ಕೆ ಐನೂರು" ಅಂತ. ಅವನ ಮಗ ನಾಲ್ಕರಲ್ಲಿ ದಾಟಿಸಿದ. ನಾಲ್ಕು ಹೊಸಾ ಐನೂರರ ನೋಟು ಎಣಿಸಿ ಕೊಟ್ಟಿದ್ದೂ ಆಯ್ತು. ಏಳನೇ ಕ್ಲಾಸಿನ ನನ್ ಮಗಳಿಗೆ ಒಂದರಲ್ಲೂ ತೊಂಬತ್ತಿಲ್ಲ. ಆದ್ರೆ ಲೆಕ್ಕದಲ್ಲಿ ಮೂವತ್ನಾಲ್ಕು ಬರ್ತಿದ್ದೋಳು ಐವತ್ತೆಂಟಕ್ಕೆ ಬಂದಿದ್ಲು.

ರಾತ್ರಿ ನಾನು ಮುದ್ದೆ ತೊಳಸ್ತಿದ್ದಾಗ ಬಂದು ಪಕ್ಕದಲ್ಲಿ ನಿಂತ್ಕೊಂಡ್ಲು. "ಅಮ್ಮಾ, ನನ್ ಐವತ್ತೆಂಟಕ್ಕೆ ಏನೂ ಇಲ್ವಾ?" ಅಂದ್ಲು. ನನಗೆ ಉತ್ತರ ಬರ್ಲಿಲ್ಲ. ಮಾರನೇ ದಿನದಿಂದ ಲೆಕ್ಕದ ಪುಸ್ತಕ ಮುಟ್ಟೋದು ಬಿಟ್ಲು.

ನಮ್ಮತ್ತೆ ಮಾತ್ರ ಮಗನ ಕಡೆನೇ. "ಕೊಟ್ರೆ ತಪ್ಪೇನು? ತೋಟದಲ್ಲಿ ಕಾಯಿ ಕಿತ್ತೋರಿಗೆ ಕೂಲಿ ಕೊಡಲ್ವಾ? ಓದೋದೂ ಕೆಲಸಾನೇ" ಅಂದ್ರು. ಮಾತು ತೆಗೆದು ಹಾಕೋ ಹಂಗಿರಲಿಲ್ಲ. ಅದನ್ನೇ ತಲೇಲಿ ಇಟ್ಕೊಂಡು, ಹಿಂದಿನೋರು ಓದಿಗೆ ದುಡ್ಡು ಹೆಂಗೆ ಕೊಟ್ರು, ಅದರಿಂದ ಏನಾಯ್ತು ಅಂತ ಒಂದಷ್ಟು ಓದಿದೆ. ಅದನ್ನ ನಿಮ್ಮ ಮುಂದೆ ಇಡ್ತೀನಿ.

ಮಾರ್ಕ್ಸಿಗೆ ದುಡ್ಡು ಅನ್ನೋದು ನಮ್ ಮೈದುನ ಕಂಡುಹಿಡಿದಿದ್ದೇನಲ್ಲ. 1862ರಲ್ಲಿ ಇಂಗ್ಲೆಂಡಿನ ಸರ್ಕಾರನೇ ಇಂಥದ್ದೊಂದು ಕಾನೂನು ತಂತು. ದುಡ್ಡು ಹೋಗ್ತಿದ್ದಿದ್ದು ಮಕ್ಕಳಿಗಲ್ಲ, ಸ್ಕೂಲಿಗೆ. ಇನ್‌ಸ್ಪೆಕ್ಟರ್ ಬಂದು ಒಂದೊಂದು ಮಗುವನ್ನೂ ನಿಲ್ಲಿಸಿ ಓದು, ಬರಹ, ಲೆಕ್ಕ ಮೂರನ್ನೂ ಪರೀಕ್ಷೆ ಮಾಡೋರು. ಮೂರೂ ಪಾಸಾದ್ರೆ ಆ ಮಗುವಿನ ಹೆಸರಲ್ಲಿ ಎಂಟು ಶಿಲ್ಲಿಂಗ್. ಒಂದರಲ್ಲಿ ಫೇಲಾದ್ರೆ ಅದರಲ್ಲಿ ಮೂರನೇ ಒಂದು ಭಾಗ ಖೋತಾ. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಕೆಲಸ ಆದ್ರೆ ಕಾಸು, ಇಲ್ಲದಿದ್ರೆ ಇಲ್ಲ.

ಆದ್ರೆ ಆಗಿದ್ದೇನು? ಮೇಷ್ಟ್ರುಗಳು ಮಕ್ಕಳ ಕೈಲಿ ಪಾಠ ಉರು ಹೊಡೆಸೋಕೆ ಶುರು ಮಾಡಿದ್ರು. ಇನ್‌ಸ್ಪೆಕ್ಟರ್ ಕೇಳೋದಷ್ಟೇ ಪಾಠ, ಮಿಕ್ಕಿದ್ದಕ್ಕೆ ಬೆಲೆ ಇಲ್ಲ. ಮ್ಯಾಥ್ಯೂ ಆರ್ನಾಲ್ಡ್ ಅಂತ ದೊಡ್ಡ ಕವಿ, ಹೊಟ್ಟೆಪಾಡಿಗೆ ಅವರೂ ಸ್ಕೂಲ್ ಇನ್‌ಸ್ಪೆಕ್ಟರೇ. ಈ ಪದ್ಧತಿ ಓದನ್ನ ಯಂತ್ರದ ಕೆಲಸ ಮಾಡ್ತದೆ ಅಂತ ಅವರು ಬಲವಾಗಿ ವಿರೋಧ ಮಾಡಿದ್ರು. ಆದ್ರೂ ಅದು ಪೂರ್ತಿ ಹೋಗೋ ಹೊತ್ತಿಗೆ 1890ರ ದಶಕ ಮುಗೀತಾ ಬಂದಿತ್ತು.

ಅದು ದೂರದ ಮಾತು ಅಂದ್ಕೋಬೇಡಿ. ನಮ್ಮೂರಿಂದ ರಾಯಲ್ಪಾಡು ದಾಟಿ ಹೋದ್ರೆ ಮದನಪಲ್ಲಿ ಸಿಗ್ತದಲ್ಲ, ಅದು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲೂ ಎಷ್ಟೋ ಸ್ಕೂಲುಗಳಿಗೆ ರಿಸಲ್ಟ್ ನೋಡಿ ಗ್ರಾಂಟ್ ಕೊಡೋ ಪದ್ಧತಿ ಇತ್ತು. 1882ರ ಹಂಟರ್ ಆಯೋಗ ಚಿಕ್ಕ ಮಕ್ಕಳ ಸ್ಕೂಲಿಗೆ ಇದೇ ಇರ್ಲಿ ಅಂತು. ಕೊನೆಗೆ 1904ರಲ್ಲಿ ಕರ್ಜನ್ ಕಾಲದ ಶಿಕ್ಷಣ ನೀತೀಲಿ ಅದನ್ನ ಕೈಬಿಟ್ರು.

ಇದನ್ನ ಓದ್ತಾ ನನಗೆ ಹೊಳೆದಿದ್ದು ಇಷ್ಟೇ. ಪಾಸಿಗೆ ಬೆಲೆ ಕಟ್ಟಿದ ಮೇಲೆ, ಮೇಷ್ಟ್ರ ಕಣ್ಣಿಗೆ ಹೆಂಗೂ ಪಾಸಾಗೋ ಮಗು ಲಾಭ, ಹೆಂಗೂ ಫೇಲಾಗೋ ಮಗು ನಷ್ಟ. ನಿಧಾನಕ್ಕೆ ಕಲಿಯೋ ಮಗು ಎಷ್ಟು ದೂರ ನಡ್ಕೊಂಡು ಬಂತು ಅನ್ನೋದು ಯಾವ ಲೆಕ್ಕಕ್ಕೂ ಬರಲ್ಲ. ನನ್ ಮಗಳು ಮೂವತ್ನಾಲ್ಕರಿಂದ ಐವತ್ತೆಂಟಕ್ಕೆ ಬಂದಿದ್ದು ತೊಂಬತ್ತರ ಗೆರೆ ಮುಂದೆ ಕಾಣದೆ ಹೋಯ್ತಲ್ಲ, ಹಂಗೆ.

ಹಂಗಾದ್ರೆ ಓದಿಗೆ ದುಡ್ಡೇ ಕೊಡಬಾರದಾ? ಹಂಗಲ್ಲ. ನಮ್ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡಿ. ಅವರ ಮುದ್ದೇನಹಳ್ಳಿ ಮೊದಲು ನಮ್ ಕೋಲಾರ ಜಿಲ್ಲೇದೇ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆದಾಗ ಆ ಕಡೆ ಹೋಯ್ತು. ಚಿಕ್ಕ ವಯಸ್ಸಲ್ಲೇ ತಂದೆ ತೀರ್ಕೊಂಡ್ರು. ಬೆಂಗಳೂರಲ್ಲಿ ಬೇರೆಯೋರ ಮಕ್ಕಳಿಗೆ ಪಾಠ ಹೇಳ್ಕೊಟ್ಟು ತಾವು ಓದಿದ್ರು. 1881ರಲ್ಲಿ ಬಿ.ಎ. ಆಯ್ತು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಓದೋಕೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಡ್ತು. 1883ರಲ್ಲಿ ಪರೀಕ್ಷೆಗೆ ಮೊದಲನೆಯೋರಾಗಿ ಬಂದ್ರು.

ಗಮನ ಇಟ್ಟು ನೋಡಿ ಅಕ್ಕಾ, ದುಡ್ಡು ಬಂದಿದ್ದು ಪರೀಕ್ಷೆಗೆ ಮುಂಚೆ. "ಫಸ್ಟ್ ಬಾ, ಆಮೇಲೆ ಕೊಡ್ತೀನಿ" ಅನ್ನೋ ದುಡ್ಡಲ್ಲ ಅದು. "ಹೋಗು, ಓದು, ಊಟಕ್ಕೆ ಫೀಸಿಗೆ ಯೋಚನೆ ಮಾಡಬೇಡ" ಅನ್ನೋ ದುಡ್ಡು. ಹಿಂದಿನ ಮಾರ್ಕ್ಸ್ ನೋಡಿ ಆರಿಸಿರಬಹುದು, ಆದ್ರೆ ಕೊಟ್ಟಿದ್ದು ಮುಂದಿನ ದಾರಿಗೆ.

ಈ ಎರಡು ದುಡ್ಡಿನ ವ್ಯತ್ಯಾಸ ನನಗೆ ಮೈಮೇಲೆ ಬಂದು ಗೊತ್ತು. ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾದಾಗ ನಮ್ಮಪ್ಪ ಊರಿಗೆಲ್ಲ ಸಿಹಿ ಹಂಚಿ, ಕೋಲಾರದಿಂದ ಒಂದು ಕೈ ಗಡಿಯಾರ ತಂದ್ಕೊಟ್ರು. ಪ್ರೀತಿಯಿಂದಲೇ ತಂದ್ರು, ಅದರಲ್ಲಿ ಸುಳ್ಳಿಲ್ಲ. ಆದ್ರೆ ಪಿಯುಸಿ ಓದಬೇಕಂದ್ರೆ ನಮ್ಮ ಹಳ್ಳಿಯಿಂದ ಶ್ರೀನಿವಾಸಪುರಕ್ಕೆ ದಿನಾ ಬಸ್ಸಲ್ಲಿ ಓಡಾಡಬೇಕಿತ್ತು. ಹೆಣ್ಣುಮಗಳನ್ನ ಅಷ್ಟು ದೂರ ಯಾಕೆ ಅಂದ್ರು. ವಾಚ್ ಬಂತು, ಬಸ್ ಪಾಸ್ ಬರ್ಲಿಲ್ಲ. ಎರಡು ವರ್ಷಕ್ಕೆ ಮದುವೆ ಆಯ್ತು. ಆ ವಾಚ್ ಈಗಲೂ ಬೀರುವಲ್ಲಿದೆ, ನಿಂತೋಗಿ ಎಷ್ಟೋ ಕಾಲ ಆಯ್ತು.

ಅದಕ್ಕೇ 2006ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ನನಗೆ ಆಗಿದ್ದ ಸಂತೋಷ ಅಷ್ಟಿಷ್ಟಲ್ಲ. ಎಷ್ಟು ಮಾರ್ಕ್ಸ್ ಅಂತ ಕೇಳಿ ಕೊಟ್ಟ ಸೈಕಲ್ ಅಲ್ಲ ಅದು. ಈಗ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ, 2008ರಿಂದ. ಸರ್ಕಾರಿ, ಅನುದಾನಿತ ಸ್ಕೂಲಿನ ಮಕ್ಕಳು ಎಂಟನೇ ಕ್ಲಾಸಲ್ಲಿ ಪರೀಕ್ಷೆ ಬರೀಬೇಕು. ಆಯ್ಕೆಯಾದ್ರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ನಿಮ್ಮನೇಲಿ ಎಂಟನೇ ಕ್ಲಾಸಿಗೆ ಹೋಗೋ ಮಕ್ಕಳಿದ್ರೆ ಸ್ಕೂಲಲ್ಲಿ ಕೇಳಿ, ಮರೀಬೇಡಿ.

ಇನ್ನು ನಮ್ಮತ್ತೆ ಕೇಳಿದ ಕೂಲಿ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ಅಮೇರಿಕಾದಲ್ಲಿ. ರೋಲಂಡ್ ಫ್ರೈಯರ್ ಅನ್ನೋ ಹಾರ್ವರ್ಡಿನ ಪ್ರೊಫೆಸರ್ 2007ರಿಂದ ಈಚೆಗೆ ಕೆಲವು ಊರುಗಳ ಸ್ಕೂಲಲ್ಲಿ ನಿಜವಾಗಲೂ ಮಕ್ಕಳ ಕೈಗೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿ ನೋಡಿದ್ರು. ನ್ಯೂಯಾರ್ಕಲ್ಲಿ ಟೆಸ್ಟಿನ ಮಾರ್ಕ್ಸಿಗೆ ದುಡ್ಡು. ಡಲ್ಲಾಸಲ್ಲಿ ಎರಡನೇ ಕ್ಲಾಸಿನ ಮಕ್ಕಳು ಒಂದು ಪುಸ್ತಕ ಓದಿ, ಅದರ ಮೇಲಿನ ಪ್ರಶ್ನೆಗೆ ಉತ್ತರ ಕೊಟ್ರೆ ಎರಡು ಡಾಲರ್. ನ್ಯೂಯಾರ್ಕಲ್ಲಿ ಮಾರ್ಕ್ಸ್ ಏರಲೇ ಇಲ್ಲ. ದುಡ್ಡು ಬೇಕು ಅಂತ ಮಕ್ಕಳಿಗೆ ಆಸೆ ಇದೆ, ಆದ್ರೆ ಮಾರ್ಕ್ಸ್ ಹೆಂಗೆ ಏರಿಸ್ಕೊಳ್ಳೋದು ಅಂತ ಗೊತ್ತಿಲ್ಲ. ಡಲ್ಲಾಸಲ್ಲಿ ಇಂಗ್ಲಿಷಲ್ಲಿ ಪರೀಕ್ಷೆ ಬರೆದ ಮಕ್ಕಳ ಓದು ಸುಧಾರಿಸ್ತು. ಸ್ಪ್ಯಾನಿಷಲ್ಲಿ ಬರೆದ ಮಕ್ಕಳಿಗೆ ಆ ಲಾಭ ಆಗ್ಲಿಲ್ಲ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಟ್ಯೂಷನ್ನಲ್ಲಿ ಇಂಗ್ಲಿಷ್ ಅನ್ನೋ ನಮ್ ಸೀಮೆಯೋರು ಇದನ್ನ ನೆನಪಲ್ಲಿ ಇಟ್ಕೋಬೇಕು.

ಇದನ್ನೆಲ್ಲ ಅತ್ತೆ ಹತ್ರ ಹೇಳಿ ಕೇಳಿದೆ, "ಅತ್ತೆ, ಕಾಯಿ ಕಿತ್ತೋರಿಗೆ ಕೂಲಿ ಕೊಡ್ತೀವಿ, ಸರಿ. ಮಂಡೀಲಿ ತೋತಾಪುರಿ ರೇಟು ಬಿದ್ದೋದ್ರೆ ಅವರ ಕೂಲಿ ಹಿಡ್ಕೋತೀವಾ?"

"ಹೆಂಗೆ ಹಿಡ್ಕೊಳ್ಳೋದು? ರೇಟು ಅವರ ಕೈಲೈತಾ?" ಅಂದ್ರು.

"ಮಾರ್ಕ್ಸೂ ಹಂಗೇ ಅಲ್ವಾ? ಪ್ರಶ್ನೆಪತ್ರಿಕೆ ಮಾಡೋರು ಇನ್ಯಾರೋ, ತಿದ್ದೋರು ಇನ್ಯಾರೋ. ಕೂತು ಓದೋದು ಮಾತ್ರ ಮಗು ಕೈಲಿರೋದು."

ಅತ್ತೆ ಸುಮ್ಮನಾದ್ರು. ಆಮೇಲೆ ನಮ್ ಮುಳಬಾಗಿಲಿನ ಡಿ.ವಿ.ಜಿ.ಯವರ ಮಾತು ಬಂತು. ಮೆಟ್ರಿಕ್ಯುಲೇಷನ್ನೂ ಪಾಸಾಗದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯನೇ ಗೌರವ ಡಾಕ್ಟರೇಟ್ ಕೊಡ್ತು ಅಂದೆ. "ಹಂಗಂತ ನಿನ್ ಮಗಳು ಫೇಲಾಗ್ಲಿ ಅಂತೀಯಾ?" ಅಂದು ನಕ್ಕುಬಿಟ್ರು. ಅದೂ ಸರಿನೇ. ಡಿ.ವಿ.ಜಿ. ಓದೋದನ್ನ ಯಾವತ್ತೂ ಬಿಟ್ಟೋರಲ್ಲ.

ಈಗ ನಮ್ಮನೇಲಿ ಮಾಡ್ಕೊಂಡಿರೋ ಏರ್ಪಾಡು ಇದು. ಮಾರ್ಕ್ಸಿಗೆ ದುಡ್ಡಿಲ್ಲ. ವಾರಕ್ಕೊಂದು ಪುಸ್ತಕ ಓದಿ ಅಜ್ಜಿಗೆ ಕಥೆ ಹೇಳಿದ್ರೆ ಇಪ್ಪತ್ತು ರೂಪಾಯಿ, ಗಂಡಿಗೂ ಅಷ್ಟೇ ಹೆಣ್ಣಿಗೂ ಅಷ್ಟೇ. ಕನ್ನಡದಲ್ಲಿ ಓದಿ ತೆಲುಗಲ್ಲಿ ಹೇಳಿದ್ರೂ ಆಯ್ತು. ಇದರ ಜೊತೆಗೆ ಮಗಳ ಹೆಸರಲ್ಲಿ ತಿಂಗಳಿಗಿಷ್ಟು ಅಂತ ಪೋಸ್ಟಾಫೀಸಲ್ಲಿ ಕಟ್ತಿದೀನಿ. ಅದು ಬಹುಮಾನ ಅಲ್ಲ, ಅವಳ ಕಾಲೇಜಿನ ಬಸ್ಸಿಗೆ. ಎಷ್ಟೇ ಮಾರ್ಕ್ಸ್ ಬರ್ಲಿ, ಅದು ಅವಳದೇ ಅಂತ ಅವಳಿಗೂ ಹೇಳಿದೀನಿ.

ನಿನ್ನೆ ಸಾಯಂಕಾಲ ಲೆಕ್ಕದ ಪುಸ್ತಕ ತೆಗೆದು ಪಡಸಾಲೇಲಿ ಕೂತಿದ್ಲು. ಐದು ಲೆಕ್ಕದಲ್ಲಿ ಎರಡು ತಪ್ಪು. ಅಳಿಸಿ ಮತ್ತೆ ಮಾಡಿದ್ಲು. ಮೈದುನನಿಗೆ ಈ ವಿಷಯ ಹೇಳೋದು ಇನ್ನೂ ಬಾಕಿ ಇದೆ. ಮುಂದಿನ ವಾರ ಹಣ್ಣು ಒಯ್ಯೋಕೆ ಬರ್ತಾನೆ, ಆವಾಗ ಅತ್ತೆನೇ ಹೇಳ್ತಾರಂತೆ.