ರಾಜ್ಯಶಾಸ್ತ್ರದ ವ್ಯಾಸಂಗವೂ ಜೀವಿಕೆಯ ಮಾರ್ಗಗಳೂ: ಒಂದು ಐತಿಹಾಸಿಕ ಸಮೀಕ್ಷೆ

ರಾಜ್ಯಶಾಸ್ತ್ರವನ್ನು ಓದಿದವರು ಮುಂದೆ ಏನಾಗತಕ್ಕದ್ದು? ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಪ್ರತಿವರ್ಷವೂ ಕೇಳುವ ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತುಕೊಳ್ಳುವುದು. ರಾಜ್ಯದ ಸ್ವರೂಪವನ್ನು ತಿಳಿದವರಿಗೆ ರಾಜ್ಯದ ಅಧಿಕಾರಸ್ಥಾನವೇ ಸಹಜವಾದ ನೆಲೆಯೆಂಬ ಭಾವನೆ ಈ ಉತ್ತರದ ಹಿಂದಿದೆ. ಕೇಳುವುದಕ್ಕೆ ಇದು ಯುಕ್ತವಾಗಿಯೇ ತೋರುತ್ತದೆ. ಆದರೆ ಚರಿತ್ರೆಯನ್ನು ಪರಿಶೀಲಿಸಿದರೆ, ನಮ್ಮ ದೇಶದಲ್ಲಿ ಅಧಿಕಾರದ ಬಾಗಿಲಿಗೆ ರಾಜ್ಯಶಾಸ್ತ್ರದ ಪದವಿಯು ಎಂದೂ ಬೀಗದಕೈ ಆಗಿರಲಿಲ್ಲವೆಂಬುದು ಕಂಡುಬರುತ್ತದೆ. ಈ ಸ್ಥಿತಿ ಹೇಗೆ ಒದಗಿತು, ಅದರಿಂದ ಇಂದಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ತಿಳಿಯತಕ್ಕದ್ದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಈಸ್ಟ್ ಇಂಡಿಯಾ ಕಂಪನಿಯು ತನ್ನ ನೌಕರರ ಶಿಕ್ಷಣಕ್ಕಾಗಿ ೧೮೦೬ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಲೇಜನ್ನು ತೆರೆಯಿತು. ಕೆಲವು ವರ್ಷಗಳಲ್ಲಿಯೇ ಹೇಲಿಬರಿಯಲ್ಲಿ ನೆಲೆಗೊಂಡ ಆ ಕಾಲೇಜಿನಲ್ಲಿ ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಬೋಧಿಸುತ್ತಿದ್ದವರು ಜನಸಂಖ್ಯೆಯನ್ನು ಕುರಿತ ಪ್ರಬಂಧದಿಂದ ಪ್ರಸಿದ್ಧರಾದ ಮಾಲ್ಥಸ್. ೧೮೩೪ರಲ್ಲಿ ಮರಣ ಹೊಂದುವವರೆಗೂ ಅವರು ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಆಳತಕ್ಕವರಿಗೆ ಆಳ್ವಿಕೆಗೆ ಸಂಬಂಧಿಸಿದ ವಿದ್ಯೆಗಳನ್ನು ಕಲಿಸುವ ಪ್ರಯತ್ನವೇನೋ ಅಲ್ಲಿ ನಡೆಯಿತು. ಆದರೆ ಅಲ್ಲಿಗೆ ಬರುತ್ತಿದ್ದ ತರುಣರು ವಿದ್ಯಾಬಲದಿಂದ ಆಯ್ಕೆಯಾದವರಲ್ಲ. ಕಂಪನಿಯ ಡೈರೆಕ್ಟರರ ಕೃಪೆಯಿಂದ ನಾಮಕರಣ ಹೊಂದಿದವರು. ನೌಕರಿ ಮೊದಲು ನಿಶ್ಚಯವಾಗುತ್ತಿತ್ತು. ವಿದ್ಯೆ ಅದನ್ನು ಹಿಂಬಾಲಿಸುತ್ತಿತ್ತು.

೧೮೫೩ರ ಸನ್ನದಿನ ಕಾಯಿದೆಯು ನಾಮಕರಣದ ಪದ್ಧತಿಯನ್ನು ತೆಗೆದುಹಾಕಿ ಸ್ಪರ್ಧಾಪರೀಕ್ಷೆಗೆ ಎಡೆಮಾಡಿಕೊಟ್ಟಿತು. ಪರೀಕ್ಷೆಯ ವಿಷಯಗಳನ್ನು ಗೊತ್ತುಪಡಿಸಲು ಮೆಕಾಲೆಯವರ ನೇತೃತ್ವದಲ್ಲಿ ಒಂದು ಸಮಿತಿ ನೇಮಕವಾಗಿ ೧೮೫೪ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಮರುವರ್ಷವೇ ಮೊದಲ ಪರೀಕ್ಷೆ ನಡೆಯಿತು. ೧೮೫೮ರಲ್ಲಿ ಹೇಲಿಬರಿಯ ಕಾಲೇಜು ಮುಚ್ಚಿಹೋಯಿತು. ಹೊಸ ಪರೀಕ್ಷೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ತಲಾ ೭೫೦ ಅಂಕಗಳಿದ್ದುವು. ಸಂಸ್ಕೃತಕ್ಕೂ ಅರಬ್ಬಿಗೂ ತಲಾ ೩೭೫. ಗಣಿತಕ್ಕೂ ಇಂಗ್ಲಿಷ್ ಸಾಹಿತ್ಯ ಮತ್ತು ಚರಿತ್ರೆಗಳಿಗೂ ಹಿರಿಯ ಸ್ಥಾನವಿತ್ತು. ಭಾರತದ ಚರಿತ್ರೆ, ಕಾನೂನಿನ ತತ್ತ್ವಗಳು, ಹಣಕಾಸಿನ ಶಾಸ್ತ್ರ, ಇಲ್ಲಿಯ ಒಂದು ದೇಶಭಾಷೆ—ಇವನ್ನು ಆಯ್ಕೆಯಾದವರು ಅನಂತರ ಕಲಿತರೆ ಸಾಕೆಂದು ಸಮಿತಿಯು ಭಾವಿಸಿತು.

ಇದಕ್ಕೆ ಸಮಿತಿಯು ಕೊಟ್ಟ ಕಾರಣಗಳಲ್ಲಿ ಒಂದು ವಿಶೇಷವಾಗಿ ಗಮನಿಸತಕ್ಕದ್ದು. ಪರೀಕ್ಷೆಗೆ ಬರುವವರಲ್ಲಿ ಹೆಚ್ಚಿನವರು ಸೋಲುವುದು ನಿಶ್ಚಯ. ಭಾರತದ ನೌಕರಿಗಲ್ಲದೆ ಬೇರಾವುದಕ್ಕೂ ಉಪಯೋಗಕ್ಕೆ ಬಾರದ ವಿಷಯಗಳನ್ನು ಅವರಿಂದ ಓದಿಸಿದರೆ ಸೋತವರ ಯೌವನದ ಅಮೂಲ್ಯವಾದ ಕಾಲ ವ್ಯರ್ಥವಾಗುತ್ತದೆ. ಆದುದರಿಂದ ಸೋತವರಿಗೂ ಬೇರೆ ಯಾವ ವೃತ್ತಿಯಲ್ಲಾದರೂ ಪ್ರಯೋಜನಕ್ಕೆ ಬರುವಂಥ ವಿದ್ಯೆಗಳಲ್ಲಿಯೇ ಪರೀಕ್ಷೆ ನಡೆಯಬೇಕು. ಮೆಕಾಲೆಯವರ ಇತರ ಅಭಿಪ್ರಾಯಗಳನ್ನು, ವಿಶೇಷವಾಗಿ ಭಾರತೀಯ ವಿದ್ಯೆಗಳ ವಿಷಯದಲ್ಲಿ ಅವರಿಗಿದ್ದ ತಿರಸ್ಕಾರವನ್ನು, ನಾವು ಒಪ್ಪಲಾರೆವು. ಆದರೂ ಈ ಒಂದು ಮಾತು ವಿಚಾರಾರ್ಹವಾದುದು. ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

೨

ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದ ದೇಶ ಫ್ರಾನ್ಸ್. ೧೮೭೦-೭೧ರ ಯುದ್ಧದಲ್ಲಿ ಪ್ರಷ್ಯಕ್ಕೆ ಸೋತ ಮೇಲೆ, ದೇಶದ ನಾಯಕವರ್ಗಕ್ಕೆ ರಾಜಕೀಯ ವಿದ್ಯೆಯ ಅಭಾವವಿದ್ದುದೇ ಆ ದುರ್ಗತಿಗೆ ಒಂದು ಕಾರಣವೆಂದು ಭಾವಿಸಿದ ಎಮಿಲ್ ಬುಟ್ಮಿಯವರು ೧೮೭೨ರಲ್ಲಿ ಪ್ಯಾರಿಸಿನಲ್ಲಿ ರಾಜ್ಯಶಾಸ್ತ್ರಗಳಿಗಾಗಿಯೇ ಒಂದು ಖಾಸಗಿ ವಿದ್ಯಾಶಾಲೆಯನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಫ್ರಾನ್ಸಿನ ವಿದೇಶಾಂಗ ಖಾತೆಗೂ ಉನ್ನತ ಆಡಳಿತ ಮಂಡಲಿಗಳಿಗೂ ಸೇರಿದವರಲ್ಲಿ ಬಹುಪಾಲು ಜನ ಆ ಶಾಲೆಯ ವಿದ್ಯಾರ್ಥಿಗಳೇ ಆದರು. ಅಲ್ಲಿ ರಾಜ್ಯಶಾಸ್ತ್ರವು ನಿಜವಾಗಿಯೂ ಅಧಿಕಾರಕ್ಕೆ ಸೋಪಾನವಾಯಿತು. ಆದರೆ ಈ ಯಶಸ್ಸಿನೊಳಗೇ ಒಂದು ದೋಷವೂ ಬೆಳೆಯಿತು. ಒಂದೇ ಊರಿನ ಒಂದೇ ಶಾಲೆಯಲ್ಲಿ ಓದಬಲ್ಲ ಸ್ಥಿತಿವಂತರ ಮಕ್ಕಳಿಗೆ ಮಾತ್ರ ಆಡಳಿತವು ಮೀಸಲಾಗುತ್ತಿದೆ ಎಂಬ ಆಕ್ಷೇಪ ಬಲವಾಯಿತು. ೧೯೪೫ರಲ್ಲಿ ಸರಕಾರವು ಆ ಸಂಸ್ಥೆಯನ್ನು ತನ್ನ ವಶಕ್ಕೆ ತೆಗೆದುಕೊಂಡು, ಅಧಿಕಾರಿಗಳ ತರಬೇತಿಗಾಗಿ ರಾಷ್ಟ್ರೀಯ ಆಡಳಿತ ಶಾಲೆಯೊಂದನ್ನು ಸ್ಥಾಪಿಸಿತು. ಅದೇ ಆಕ್ಷೇಪ ಆ ಹೊಸ ಶಾಲೆಯ ಮೇಲೂ ಬಂದು, ೨೦೨೨ರ ಆರಂಭದಲ್ಲಿ ಅದರ ಸ್ಥಾನಕ್ಕೆ ಬೇರೊಂದು ಸಂಸ್ಥೆ ಬಂದಿತು. ವಿದ್ಯೆಯನ್ನೂ ಹುದ್ದೆಯನ್ನೂ ನೇರವಾಗಿ ಜೋಡಿಸಿದರೆ ಎಲ್ಲವೂ ಸರಿಹೋಗುವುದೆಂಬ ಭಾವನೆಗೆ ಈ ಇತಿಹಾಸ ಆಧಾರ ಕೊಡುವುದಿಲ್ಲ.

ಇತರ ದೇಶಗಳಲ್ಲಿಯೂ ಈ ಶಾಸ್ತ್ರವು ಸ್ವತಂತ್ರವಾದ ಪೀಠಗಳನ್ನು ಪಡೆದುದು ಹೆಚ್ಚುಕಡಮೆ ಇದೇ ಕಾಲದಲ್ಲಿ. ಅಮೆರಿಕದ ಕೊಲಂಬಿಯದಲ್ಲಿ ೧೮೮೦ರಲ್ಲಿ ರಾಜ್ಯಶಾಸ್ತ್ರದ ವಿಭಾಗವೂ, ಲಂಡನ್ನಿನಲ್ಲಿ ೧೮೯೫ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳ ವಿದ್ಯಾಲಯವೂ ಆರಂಭವಾದುವು. ಮೊದಲ ಮಹಾಯುದ್ಧದ ನೋವಿನಲ್ಲಿ, ೧೯೧೯ರಲ್ಲಿ, ವೇಲ್ಸಿನ ಆಬರಿಸ್ಟ್‌ವಿತ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆ ಪ್ರಾಧ್ಯಾಪಕ ಪೀಠವೊಂದು ಸ್ಥಾಪಿತವಾಯಿತು. ಈ ಕೊನೆಯ ಪೀಠದ ಮೂಲದಲ್ಲಿ ಇದ್ದುದು ಉದ್ಯೋಗದ ವಿಚಾರವಲ್ಲ. ಇಂಥ ಯುದ್ಧ ಮತ್ತೆ ಏಕೆ ಆಗಬಾರದು, ಹೇಗೆ ಆಗದಂತೆ ತಡೆಯಬಹುದು ಎಂಬ ಚಿಂತೆ.

೩

ಭಾರತದಲ್ಲಿ ಸ್ಪರ್ಧಾಪರೀಕ್ಷೆಯ ಬಾಗಿಲು ಹೆಸರಿಗೆ ಎಲ್ಲರಿಗೂ ತೆರೆದಿತ್ತು. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ೧೮೬೩ರಲ್ಲಿ ಮೊತ್ತಮೊದಲ ಭಾರತೀಯರಾಗಿ ಆಯ್ಕೆಯಾದ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಪ್ರಾಂತದಲ್ಲಿ ಸೇವೆಸಲ್ಲಿಸಿ, ನಮ್ಮ ಕಾರವಾರದಲ್ಲಿಯೂ ನ್ಯಾಯಾಧೀಶರಾಗಿದ್ದರು. ೧೮೭೮ರಿಂದ ಗರಿಷ್ಠ ವಯೋಮಿತಿಯನ್ನು ೧೯ ವರ್ಷಕ್ಕೆ ಇಳಿಸಿದುದರಿಂದ ಭಾರತೀಯರಿಗೆ ಆ ಬಾಗಿಲು ಮತ್ತಷ್ಟು ಕಿರಿದಾಯಿತು. ಭಾರತದ ನೆಲದಲ್ಲಿಯೂ ಪರೀಕ್ಷೆ ನಡೆಯತೊಡಗಿದುದು ೧೯೨೨ರಲ್ಲಿ.

ಈ ಕಾಲದ ಸುರೇಂದ್ರನಾಥ ಬ್ಯಾನರ್ಜಿಯವರ ಜೀವನವು ನಮ್ಮ ಪ್ರಸ್ತಾವಕ್ಕೆ ಬಹಳ ಹತ್ತಿರವಾದುದು. ೧೮೬೯ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಅವರನ್ನು ಕೆಲವೇ ವರ್ಷಗಳಲ್ಲಿ ಸರಕಾರವು ಸೇವೆಯಿಂದ ವಜಾಮಾಡಿತು. ಅವರು ಅಧ್ಯಾಪಕರಾದರು, ೧೮೭೬ರಲ್ಲಿ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು, ಪತ್ರಿಕೆಯನ್ನು ನಡೆಸಿದರು, ಮುಂದೆ ಶಾಸನಸಭೆಯನ್ನು ಪ್ರವೇಶಿಸಿದರು. ಅಧ್ಯಾಪನ, ಸಂಘಕಾರ್ಯ, ಪತ್ರಿಕಾವ್ಯವಸಾಯ, ಶಾಸನಸಭೆ—ಈ ನಾಲ್ಕು ಮಾರ್ಗಗಳು ಒಬ್ಬರ ಬಾಳಿನಲ್ಲಿಯೇ ಕೂಡಿಬಂದುವು. ಹುದ್ದೆ ಹೋದ ಮೇಲೆಯೇ ಅವರ ರಾಜಕೀಯ ವಿದ್ಯೆಗೆ ಸಾರ್ಥಕವಾದ ಕ್ಷೇತ್ರ ದೊರೆಯಿತು. ೧೯೦೫ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ ಈ ಮಾರ್ಗಕ್ಕೆ ಒಂದು ಕ್ರಮವೂ ಏರ್ಪಟ್ಟಿತು. ಸಮಾಜದ ಸದಸ್ಯರಾಗತಕ್ಕವರು ಐದು ವರ್ಷ ತರಬೇತಿಯಲ್ಲಿದ್ದು ದೇಶದ ಪ್ರಶ್ನೆಗಳನ್ನು ಅಭ್ಯಾಸಮಾಡಬೇಕಾಗಿತ್ತು. ಸ್ವಲ್ಪವಾದ ಜೀವನವೇತನದಲ್ಲಿ ತೃಪ್ತರಾಗಬೇಕಾಗಿತ್ತು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೧ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಏರ್ಪಟ್ಟಿತು. ಇಲ್ಲಿಯೂ ಸಾಮಾನ್ಯ ವಿದ್ಯೆಯೇ ಆಯ್ಕೆಯ ಒರೆಗಲ್ಲಾಗಿತ್ತು. ಈ ಸೇವೆಗೆ ಸೇರಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಓದಿದ್ದುದು ಇಂಗ್ಲಿಷ್ ಸಾಹಿತ್ಯವನ್ನು. ಪರೀಕ್ಷೆಯೊಂದೇ ನ್ಯಾಯವನ್ನು ಒದಗಿಸಲಾರದೆಂಬುದೂ ಇಲ್ಲಿ ಬೇಗನೆ ಗೋಚರವಾಯಿತು. ಮೊದಲೇ ವಿದ್ಯಾವಂತವಾಗಿದ್ದ ವರ್ಗವೇ ಹುದ್ದೆಗಳನ್ನು ತುಂಬಿಕೊಂಡುದರಿಂದ ಇತರ ವರ್ಗಗಳು ಪ್ರಾತಿನಿಧ್ಯವನ್ನು ಕೇಳಿದುವು. ೧೯೧೮ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ಮರುವರ್ಷ ಕೊಟ್ಟ ವರದಿಯಲ್ಲಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಾಗದಂತೆ ಹಿಂದುಳಿದ ವರ್ಗಗಳವರನ್ನು ನೇಮಿಸಬೇಕೆಂದು ಸೂಚಿಸಿತು. ಯಾರು ಆಳಬೇಕು, ಯಾವ ನ್ಯಾಯದಿಂದ ಆಳಬೇಕು ಎಂಬುದು ರಾಜ್ಯಶಾಸ್ತ್ರದ ಮೂಲಪ್ರಶ್ನೆ. ಅದು ಪರೀಕ್ಷಾಮಂದಿರದಲ್ಲಿ ಅಲ್ಲ, ಅದರ ಹೊರಗೆ ಚರ್ಚೆಗೆ ಬಂದಿತು.

ಹೊರಗಿನ ಈ ಚರ್ಚೆಗೆ ಕನ್ನಡದಲ್ಲಿ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವರಲ್ಲಿ ಡಿ. ವಿ. ಗುಂಡಪ್ಪನವರು ಅಗ್ರಗಣ್ಯರು. ಯಾವ ಪದವಿಯನ್ನೂ ಪಡೆಯದ ಅವರು ಪತ್ರಿಕೋದ್ಯೋಗದಿಂದ ಜೀವಿಸಿದರು. ರಾಜ್ಯಶಾಸ್ತ್ರವನ್ನು ಕುರಿತು ಕನ್ನಡದಲ್ಲಿ ಗ್ರಂಥ ರಚಿಸಿದರು. ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆಯವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪ್ರಜೆಗೆ ರಾಜ್ಯವನ್ನು ತಿಳಿಸಿಕೊಡುವ ಕೆಲಸವೂ ಒಂದು ವೃತ್ತಿಯಾಗಬಲ್ಲದೆಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

೪

ಸ್ವಾತಂತ್ರ್ಯವು ಸಮೀಪಿಸಿದಾಗ ಹೊಸ ರಾಜ್ಯಕ್ಕೆ ಬೇಕಾದ ಸೇವೆಗಳು ರೂಪುಗೊಂಡುವು. ೧೯೪೬ರ ಅಕ್ಟೋಬರಿನಲ್ಲಿ ಆಡಳಿತ ಸೇವೆಯನ್ನೂ ವಿದೇಶಾಂಗ ಸೇವೆಯನ್ನೂ ಸ್ಥಾಪಿಸುವ ನಿರ್ಧಾರಗಳಾದುವು. ಆದರೆ ಹಳೆಯ ತತ್ತ್ವ ಬದಲಾಗಲಿಲ್ಲ. ಸಂವಿಧಾನ ಸಭೆಗೆ ಸಲಹೆಗಾರರಾಗಿ ಅನೇಕ ದೇಶಗಳ ಸಂವಿಧಾನಗಳನ್ನು ಶೋಧಿಸಿದ, ಮಂಗಳೂರಿನ ಬೆನಗಲ್ ನರಸಿಂಗ ರಾಯರು ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಓದಿ ಐ.ಸಿ.ಎಸ್. ಸೇರಿದ್ದವರು. ೧೯೪೯ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ, ಕೊಡಗಿನ ಸಿ. ಬಿ. ಮುತ್ತಮ್ಮನವರು, ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ.

ಮುತ್ತಮ್ಮನವರ ವೃತ್ತಾಂತವು ಇನ್ನೊಂದು ಕಾರಣಕ್ಕಾಗಿಯೂ ಸ್ಮರಣೀಯ. ಮಹಿಳಾ ಅಧಿಕಾರಿಯು ವಿವಾಹವಾಗಬೇಕಾದರೆ ಸರಕಾರದ ಲಿಖಿತ ಅನುಮತಿಯನ್ನು ಪಡೆಯಬೇಕೆಂದೂ, ವಿವಾಹಿತ ಮಹಿಳೆಗೆ ನೇಮಕದ ಹಕ್ಕು ಇಲ್ಲವೆಂದೂ ಆ ಸೇವೆಯ ನಿಯಮಗಳು ಹೇಳುತ್ತಿದ್ದುವು. ಬಡ್ತಿಯನ್ನು ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ಹೊತ್ತಿಗೆ ಸರಕಾರವು ಅವರಿಗೆ ಬಡ್ತಿಯನ್ನು ಕೊಟ್ಟಿತ್ತು. ಆದರೂ ೧೯೭೯ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರವರು ಈ ನಿಯಮಗಳಲ್ಲಿದ್ದ ಲಿಂಗಭೇದವನ್ನು ಕಟುವಾಗಿ ಖಂಡಿಸಿದರು. ಪರೀಕ್ಷೆಯಲ್ಲಿ ಗೆದ್ದು ಮೂವತ್ತು ವರ್ಷ ಸೇವೆಸಲ್ಲಿಸಿದವರಿಗೂ ಕಡೆಗೆ ಆಸರೆಯಾದುದು ಸಂವಿಧಾನದ ಸಮಾನತೆಯ ವಿಧಿಗಳು. ಅವುಗಳ ಅರ್ಥವನ್ನು ಬಲ್ಲವರು ಸೇವೆಯ ಒಳಗೂ ಹೊರಗೂ ಬೇಕಾಗಿದ್ದಾರೆ.

ಈ ಅಗತ್ಯವನ್ನು ಪೂರೈಸುವ ಸಂಸ್ಥೆಗಳು ಕ್ರಮೇಣ ಹುಟ್ಟಿಕೊಂಡುವು. ೧೯೪೩ರಲ್ಲಿ ವಿಶ್ವವಿದ್ಯಮಾನಗಳ ಭಾರತೀಯ ಮಂಡಲಿ, ೧೯೫೪ರಲ್ಲಿ ದೆಹಲಿಯ ಸಾರ್ವಜನಿಕ ಆಡಳಿತ ಸಂಸ್ಥೆ, ೧೯೫೫ರಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಇವು ಸ್ಥಾಪಿತವಾದುವು. ಕೊನೆಯದು ೧೯೭೦ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಲೀನವಾಯಿತು. ೧೯೬೩ರಲ್ಲಿ ರಜನಿ ಕೊಠಾರಿಯವರು ದೆಹಲಿಯಲ್ಲಿ ಆರಂಭಿಸಿದ ಅಧ್ಯಯನ ಕೇಂದ್ರವು ಚುನಾವಣೆಗಳ ಸಂಶೋಧನೆಯನ್ನು ಬೆಳೆಸಿತು. ೧೯೭೨ರಲ್ಲಿ ವಿ. ಕೆ. ಆರ್. ವಿ. ರಾಯರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಸಂಸ್ಥೆಯನ್ನು ಸ್ಥಾಪಿಸಿದರು. ೨೦೦೫ರಲ್ಲಿ ಆರಂಭವಾದ ಪಿ.ಆರ್.ಎಸ್. ಸಂಸ್ಥೆಯು ಮಸೂದೆಗಳನ್ನು ವಿಶ್ಲೇಷಿಸಿ ಶಾಸಕರಿಗೆ ಒದಗಿಸುತ್ತ, ಸಂಸತ್ಸದಸ್ಯರಿಗೆ ತರುಣ ಸಹಾಯಕರನ್ನು ಕೊಡುವ ಏರ್ಪಾಡನ್ನೂ ಮಾಡಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ೨೦೧೪ರಿಂದ ಸಾರ್ವಜನಿಕ ನೀತಿಯು ಸ್ನಾತಕೋತ್ತರ ಪದವಿಯ ವಿಷಯವಾಗಿದೆ.

೫

ಇಂದಿನ ಪರೀಕ್ಷೆಯ ಸ್ವರೂಪವು ಮೆಕಾಲೆಯವರ ಕಾಲದ್ದಲ್ಲ. ಕೊಠಾರಿ ಸಮಿತಿಯ ಸಲಹೆಯಂತೆ ೧೯೭೯ರಲ್ಲಿ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆಗಳೆಂಬ ವಿಭಾಗವಾಯಿತು; ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಉತ್ತರ ಬರೆಯಲು ಅವಕಾಶವಾಯಿತು. ಸಂವಿಧಾನ, ಆಡಳಿತ, ಅಂತರರಾಷ್ಟ್ರೀಯ ಸಂಬಂಧಗಳು ಎಲ್ಲ ಅಭ್ಯರ್ಥಿಗಳಿಗೂ ಕಡ್ಡಾಯವಾದ ಪತ್ರಿಕೆಯಲ್ಲಿ ಸೇರಿವೆ. ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಲಿಖಿತ ಪರೀಕ್ಷೆಯ ೧೭೫೦ ಅಂಕಗಳಲ್ಲಿ ೫೦೦ ಅದಕ್ಕೆ ಸಲ್ಲುತ್ತವೆ. ಆದರೆ ವೈದ್ಯರೂ ಎಂಜಿನಿಯರರೂ ಅದೇ ವಿಷಯವನ್ನು ಆರಿಸಿಕೊಳ್ಳಬಹುದು. ಪದವಿಗೆ ಇಲ್ಲಿ ಯಾವ ವಿಶೇಷಾಧಿಕಾರವೂ ಇಲ್ಲ. ಈಚಿನ ವರ್ಷಗಳಲ್ಲಿ ಸುಮಾರು ಒಂದು ಸಾವಿರ ಸ್ಥಾನಗಳಿಗೆ ಹತ್ತು ಲಕ್ಷದಷ್ಟು ಅರ್ಜಿಗಳು ಬರುತ್ತಿವೆ. ಪ್ರಯತ್ನಿಸುವುದು ತಪ್ಪಲ್ಲ. ಆದರೆ ಅದೊಂದೇ ಗುರಿಯೆಂದು ಐದಾರು ವರ್ಷಗಳನ್ನು ಟಿಪ್ಪಣಿಗಳ ಕಂಠಪಾಠದಲ್ಲಿ ಕಳೆದವರು ಸೋತು ಹಿಂದಿರುಗಿದಾಗ ಅವರ ಕೈಯಲ್ಲಿ ಉಳಿಯುವುದೇನು? ೧೮೫೪ರ ಸಮಿತಿಯು ಭಯಪಟ್ಟುದು ಇದೇ ನಷ್ಟಕ್ಕಾಗಿ.

ಈ ನಷ್ಟವನ್ನು ತಪ್ಪಿಸುವ ಹೊಣೆ ಪರೀಕ್ಷಾಮಂಡಲಿಗಿಂತಲೂ ಹೆಚ್ಚಾಗಿ ನಮ್ಮ ವಿಭಾಗಗಳದು. ಆಯವ್ಯಯ ಪತ್ರವನ್ನು ಓದಿ ಅದರ ತಾತ್ಪರ್ಯವನ್ನು ಹೇಳುವುದು, ಮಸೂದೆಯೊಂದರ ಒಂದೊಂದು ಖಂಡವೂ ಯಾರನ್ನು ಹೇಗೆ ಮುಟ್ಟುತ್ತದೆಂದು ವಿವರಿಸುವುದು, ಗ್ರಾಮ ಪಂಚಾಯತಿಯ ಲೆಕ್ಕವನ್ನು ಪರಿಶೀಲಿಸುವುದು, ಎರಡು ದೇಶಗಳ ಒಪ್ಪಂದದ ಹಿನ್ನೆಲೆಯನ್ನು ಶೋಧಿಸುವುದು, ಇವೆಲ್ಲವನ್ನೂ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆಯುವುದು—ಇವು ಅಭ್ಯಾಸದಿಂದ ಬರುವ ಸಾಮರ್ಥ್ಯಗಳು. ಅಧ್ಯಾಪನದಲ್ಲಿ, ಪತ್ರಿಕೆಯಲ್ಲಿ, ಶಾಸಕರ ಕಾರ್ಯಾಲಯದಲ್ಲಿ, ಸಂಶೋಧನಾ ಸಂಸ್ಥೆಯಲ್ಲಿ, ಸ್ವಯಂಸೇವಾ ಸಂಘದಲ್ಲಿ, ನ್ಯಾಯಾಲಯದಲ್ಲಿ ಇವಕ್ಕೆ ಬೆಲೆಯಿದೆ; ಅಧಿಕಾರಿಯಾದವರಿಗೂ ಇವು ಭೂಷಣವೇ. ಈ ಮಾರ್ಗಗಳಲ್ಲಿ ವೇತನವೂ ಭದ್ರತೆಯೂ ಸರಕಾರದ ಸೇವೆಗೆ ಸಮನಾಗಿಲ್ಲವೆಂಬುದು ನಿಜ; ವಿದ್ಯಾರ್ಥಿಗಳಿಂದ ಅದನ್ನು ಮರೆಮಾಚುವುದು ಸಲ್ಲದು. ಆದರೆ ನಮ್ಮ ಶಾಸ್ತ್ರದ ಚರಿತ್ರೆಯು ಬೆಳೆದುಬಂದುದು ಹೆಚ್ಚಾಗಿ ಈ ಮಾರ್ಗಗಳಲ್ಲಿಯೇ ಎಂಬುದನ್ನೂ ಜೊತೆಗೆ ಹೇಳಬೇಕು. ಪರೀಕ್ಷೆಯಲ್ಲಿ ಗೆದ್ದವರಿಗೂ ಸೋತವರಿಗೂ ಸಮಾನವಾಗಿ ಉಪಯೋಗಕ್ಕೆ ಬರುವಂತೆ ಪಾಠ ನಡೆದರೆ, ಮೊದಲು ಎತ್ತಿದ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡಬೇಕಾದ ಇಕ್ಕಟ್ಟು ನಮಗೆ ಉಳಿಯುವುದಿಲ್ಲ.