ಈ ಸದ್ದು ಎಲ್ಲಿಂದ ತಂದ್ರು? ನಾಗರಹಾವು, ಶೋಲೆ, ಪಿಂಕ್ ಫ್ಲಾಯ್ಡ್ ಮತ್ತು ಸರೌಂಡ್ ಸೌಂಡ್‌ನ ಕಥೆ

ಮಹಾಪೆಯಿಂದ ಮಾತಾಡ್ತಾ ಇದೀನಿ. ಮಧ್ಯೆ ಲಾರಿ ಸದ್ದು ಬಂದ್ರೆ ಸಹಿಸಿಕೊಳ್ಳಿ, ಎಂಐಡಿಸಿ ಪಕ್ಕದ ರೂಮು. ಇವತ್ತಿನ ವಿಷಯಾನೂ ಸದ್ದೇ.

ಘನ್ಸೋಲಿ ಸ್ಟೇಷನ್ನಿನಲ್ಲಿ ಶೇರ್ ಆಟೋ ಹತ್ತುವ ನಮ್ಮ ಐಟಿ ಮಂದಿಯ ಕಿವೀಲಿ ಹೆಡ್‌ಫೋನ್ ಇದ್ದೇ ಇರುತ್ತೆ. ಹಳೇ ಆಲ್ಬಂ ಪಕ್ಕ ‘ಡಾಲ್ಬಿ ಅಟ್ಮಾಸ್’ ಅಂತ ಗುರುತು ಕಂಡ್ರೆ ಸಾಕು, "ಮಗಾ ಇದು ಕೇಳು, ಬೇರೇನೇ ಲೆವೆಲ್ಲು" ಅಂತಾರೆ. ನಾನೂ ಹಾಗೇ ಇದ್ದೆ.

2018ರ ಜುಲೈನಲ್ಲಿ ‘ನಾಗರಹಾವು’ 7.1 ಧ್ವನಿಯೊಂದಿಗೆ ಮತ್ತೆ ಬಿಡುಗಡೆ ಆಯ್ತು. ಊರಿಗೆ ಹೋಗಿದ್ದವನು ಅಪ್ಪನನ್ನ ಕರ್ಕೊಂಡು ಹೋದೆ. ಅಪ್ಪ ಅದನ್ನ ಮೊದಲ ಸಲ ನೋಡಿದ್ದು 1973ರಲ್ಲಿ, ದಾವಣಗೆರೆಯಲ್ಲಿ ಕಾಲೇಜು ಓದುವಾಗ. ಹೊರಗೆ ಬಂದ ಮೇಲೆ "ಹೆಂಗಿತ್ತಪ್ಪ ಸೌಂಡು?" ಅಂದೆ. "ಚೆನ್ನಾಗಿತ್ತು ಕಣೋ. ಆದ್ರೆ ಆವಾಗ ಪರದೆ ಹಿಂದಿನಿಂದ ಮಾತ್ರ ಬರ್ತಿತ್ತು. ಈಗ ಬೆನ್ನ ಹಿಂದಿನಿಂದಲೂ ಬಂತಲ್ಲ, ಈ ಸದ್ದು ಎಲ್ಲಿಂದ ತಂದ್ರು?" ಅಂದ್ರು.

ಉತ್ತರ ಹೊಳೀಲಿಲ್ಲ. ಹುಡುಕ್ತಾ ಹೋದಾಗ ಅನಿಸಿದ್ದು ಇಷ್ಟು: ಹಳೇ ಸಂಗೀತದ ಹೊಸ ಸರೌಂಡ್ ಆವೃತ್ತಿಯನ್ನ ಅಳೆಯೋಕೆ ಮೊದಲು ಕೇಳಬೇಕಾದದ್ದು ಅಪ್ಪನ ಪ್ರಶ್ನೆಯನ್ನೇ. ಮೂರು ಉದಾಹರಣೆ ನೋಡೋಣ. ಮೂರೂ 1972ರಿಂದ 1975ರ ನಡುವಿನವು.

ಹದಿನಾರು ಟ್ರ್ಯಾಕ್

ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ 1973ರ ಮಾರ್ಚ್‌ನಲ್ಲಿ ಹೊರಬಂತು. ಬಳಸಿದ್ದು 16 ಟ್ರ್ಯಾಕ್ ಟೇಪ್. ಅಂದ್ರೆ ಡ್ರಮ್ಮು, ಗಿಟಾರು, ಹಾಡುಗಾರಿಕೆ ಎಲ್ಲಾ ಒಂದೇ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ. ಎಂಜಿನಿಯರ್ ಅಲನ್ ಪಾರ್ಸನ್ಸ್. ‘ಟೈಮ್’ ಹಾಡಿನ ಶುರುವಿನಲ್ಲಿ ಗಡಿಯಾರಗಳು ಒಟ್ಟಿಗೆ ಬಡ್ಕೊಳ್ಳುತ್ತವಲ್ಲ, ಅವನ್ನ ಪಾರ್ಸನ್ಸ್ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದು ನಾಲ್ಕು ದಿಕ್ಕಿನ ಧ್ವನಿ, ಅಂದ್ರೆ ಕ್ವಾಡ್ರಫೋನಿಕ್ ಪ್ರದರ್ಶನಕ್ಕಾಗಿ. ಅದೇ ವರ್ಷ ಆಲ್ಬಂನ ಕ್ವಾಡ್ ರೂಪವೂ ಬಂತು. ಆದರೆ ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಅಂತ ಒಂದಕ್ಕೊಂದು ಹೊಂದದ ಪದ್ಧತಿಗಳು ಕಿತ್ತಾಡಿಕೊಂಡು, 70ರ ದಶಕ ಮುಗಿಯೋ ಹೊತ್ತಿಗೆ ಕ್ವಾಡ್ ಮಾರುಕಟ್ಟೆಯಿಂದ ಮಾಯ.

ಟೇಪ್ ಮಾತ್ರ ಉಳಿದಿತ್ತು. 2003ರಲ್ಲಿ ಜೇಮ್ಸ್ ಗಥ್ರಿ ಎಸ್‌ಎಸಿಡಿಗಾಗಿ 5.1 ಮಿಕ್ಸ್ ಮಾಡಿದ್ದು ಅದರಿಂದಲೇ. 2023ರಲ್ಲಿ ಬಂದ ಅಟ್ಮಾಸ್ ಮಿಕ್ಸ್ ಕೂಡ ಅವರದ್ದೇ. ಇಲ್ಲಿ ಬೆನ್ನ ಹಿಂದೆ ಕೇಳೋ ಗಡಿಯಾರ ನಿಜವಾಗಿ ಬೇರೆ ಗಡಿಯಾರ. ಅಪ್ಪನ ಪ್ರಶ್ನೆಗೆ ಉತ್ತರ: ಟೇಪಿನಿಂದ ತಂದ್ರು.

ಮಿನರ್ವಾದಲ್ಲಿ ಬಿದ್ದ ನಾಣ್ಯ

ಎರಡನೆಯದು ನಮಗೆ ಹತ್ತಿರದ್ದು. ‘ಶೋಲೆ’ ಚಿತ್ರೀಕರಣ ಆಗಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾಗಿ, ಮುಂಬೈನ ಮಿನರ್ವಾ ಟಾಕೀಸಿನಲ್ಲಿ ಐದು ವರ್ಷ ಓಡ್ತು. ಚಿತ್ರವನ್ನ 35 ಎಂ.ಎಂ.ನಲ್ಲಿ ತೆಗೆದು 70 ಎಂ.ಎಂ.ಗೆ ಹಿಗ್ಗಿಸಿದ್ರು. ಆ ಅಗಲಕ್ಕೆ ತಕ್ಕ ಹಾಗೆ ಸ್ಟೀರಿಯೋಫೋನಿಕ್ ಧ್ವನಿ ಬೇಕು ಅಂತ ರಮೇಶ್ ಸಿಪ್ಪಿ ಪಟ್ಟು ಹಿಡಿದಿದ್ರು. ಜೈ ಎಸೆದ ನಾಣ್ಯದ ಸದ್ದು ಕೇಳಿ ಜನ ಸೀಟಿನ ಕೆಳಗೆ ಹುಡುಕ್ತಿದ್ರು ಅನ್ನೋ ಕಥೆಯನ್ನ ಮುಂಬೈನ ಹಳಬರು ಈಗಲೂ ಹೇಳ್ತಾರೆ.

ಆದ್ರೆ ಒಂದು ಬೇಜಾರಿನ ಸಂಗತಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಈ ಚಿತ್ರವನ್ನ ಜೀರ್ಣೋದ್ಧಾರ ಮಾಡಲು ಹೊರಟಾಗ ಕ್ಯಾಮೆರಾ ನೆಗೆಟಿವ್ ಹಾಳಾಗಿತ್ತು, 70 ಎಂ.ಎಂ. ಪ್ರಿಂಟ್ ಒಂದೂ ಉಳಿದಿರಲಿಲ್ಲ. ಧ್ವನಿಗೆ ಮೂಲ ಸೌಂಡ್ ನೆಗೆಟಿವ್ ಮತ್ತು ಮ್ಯಾಗ್ನೆಟಿಕ್ ಟ್ರ್ಯಾಕ್ ಆಸರೆ ಆದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಅದರ ಪ್ರದರ್ಶನ ಆಯ್ತು. ಇಲ್ಲಿ ಉತ್ತರ: ಅಳಿದುಳಿದದ್ದರಿಂದ ತಂದ್ರು.

ಒಂದೇ ಟ್ರ್ಯಾಕ್

ಈಗ ‘ನಾಗರಹಾವು’. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ, 1972. ಆ ಕಾಲದ ಕನ್ನಡ ಚಿತ್ರಗೀತೆಗಳು ಬಹುಪಾಲು ರೆಕಾರ್ಡ್ ಆಗ್ತಿದ್ದದ್ದು ಮದ್ರಾಸಿನಲ್ಲಿ. ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲಾ ಒಂದೇ ಹೊತ್ತಿಗೆ ನುಡಿಸಬೇಕು. ಒಬ್ಬರು ತಪ್ಪಿದ್ರೆ ಎಲ್ಲರೂ ಮತ್ತೆ ಮೊದಲಿಂದ. ಮೈಕುಗಳ ಧ್ವನಿಯನ್ನ ಅಲ್ಲೇ ಬೆರೆಸಿ ಕೊನೆಗೆ ಸಿಗ್ತಿದ್ದದ್ದು ಒಂದೇ ಮೊನೊ ಟ್ರ್ಯಾಕ್. ಹಿಟ್ಟು ಕಲಸಿ ರೊಟ್ಟಿ ಸುಟ್ಟಾದ ಮೇಲೆ ಉಪ್ಪು ಬೇರೆ, ನೀರು ಬೇರೆ ಮಾಡು ಅಂದ್ರೆ ಹೇಗೆ?

ಹಾಗಾಗಿ ಮೊನೊ ಹಾಡನ್ನ 7.1ಕ್ಕೆ ಹರಡುವ ಕೆಲಸವೇ ಬೇರೆ ಜಾತಿಯದ್ದು. ಸಾಮಾನ್ಯವಾಗಿ ತಗ್ಗು ಸ್ವರ, ಮೇಲಿನ ಸ್ವರಗಳನ್ನ ಬೇರೆ ಬೇರೆ ಸ್ಪೀಕರಿಗೆ ಹಂಚ್ತಾರೆ, ಪ್ರತಿಧ್ವನಿ ಸೇರಿಸ್ತಾರೆ, ಇಲ್ಲವೇ ವಾದ್ಯಗಳನ್ನ ಹೊಸದಾಗಿ ನುಡಿಸ್ತಾರೆ. ಇದು ತಪ್ಪಲ್ಲ. ಹೊಸ ತಲೆಮಾರನ್ನ ಟಾಕೀಸಿಗೆ ತರೋಕೆ ಬೇಕಾಗಬಹುದು. ಆದ್ರೆ ಅದು 1972ರಲ್ಲೇ ಅಡಗಿದ್ದ ಸದ್ದು ಅಂದ್ಕೋಬಾರದು.

ಇತ್ತೀಚೆಗೆ ಇನ್ನೊಂದು ದಾರಿ ತೆರೆದಿದೆ. ಬೀಟಲ್ಸ್ ಕುರಿತ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕೆ ಪೀಟರ್ ಜಾಕ್ಸನ್ ತಂಡ ಕಂಪ್ಯೂಟರಿಗೆ ವಾದ್ಯಗಳ ಗುರುತು ಕಲಿಸಿ, ಬೆರೆತ ಧ್ವನಿಯನ್ನ ಬಿಡಿಸ್ತು. 2022ರಲ್ಲಿ ಜೈಲ್ಸ್ ಮಾರ್ಟಿನ್ ಅದನ್ನೇ ಬಳಸಿ ‘ರಿವಾಲ್ವರ್’ ಆಲ್ಬಂ ಮರುಮಿಕ್ಸ್ ಮಾಡಿದ್ರು. ನಮ್ಮ ಮೊನೊ ಹಾಡುಗಳಿಗೂ ಇದು ಒದಗಬಹುದು. ಆದ್ರೆ ಬಿಡಿಸೋಕೆ ಒಳ್ಳೇ ಮೂಲ ಪ್ರತಿ ಇರಬೇಕಲ್ವಾ?

ಹಾಗಾದ್ರೆ ಅಳೆಯೋದು ಹೇಗೆ?

ಮೊದಲನೆಯದು, ಮೂಲ ಯಾವುದು ನೋಡಿ. ಮಲ್ಟಿಟ್ರ್ಯಾಕ್ ಟೇಪಿನಿಂದ ಮಿಕ್ಸ್ ಮಾಡಿದ್ದಾ, ಇಲ್ಲ ಸ್ಟೀರಿಯೋ ಅಥವಾ ಮೊನೊದಿಂದ ಹರಡಿದ್ದಾ?

ಎರಡನೆಯದು, ವಾಲ್ಯೂಮ್ ಸಮ ಮಾಡಿ. ಎರಡು ಆವೃತ್ತಿಗಳಲ್ಲಿ ಒಂದು ಚೂರೇ ಚೂರು ಜೋರಿದ್ರೂ ನಮ್ಮ ಕಿವಿ ಅದನ್ನೇ ‘ಚೆನ್ನಾಗಿದೆ’ ಅನ್ನುತ್ತೆ. 2003ರ ಆ ಪಿಂಕ್ ಫ್ಲಾಯ್ಡ್ ಡಿಸ್ಕಿನಲ್ಲೇ ಸಿಡಿ ಪದರದ ಧ್ವನಿಯನ್ನ ಎಸ್‌ಎಸಿಡಿ ಪದರಕ್ಕಿಂತ ಹೆಚ್ಚು ಒತ್ತಿ ಜೋರು ಮಾಡಿದ್ದನ್ನ ಸ್ಟೀರಿಯೋಫೈಲ್ ಪತ್ರಿಕೆ ಅಳೆದು ತೋರಿಸಿತ್ತು. ಒಂದೇ ಡಿಸ್ಕು, ಎರಡು ನ್ಯಾಯ!

ಮೂರನೆಯದು ನಮ್ಮಂಥವರಿಗೆ ಸುಲಭ. 5.1 ಫೈಲನ್ನ ಆಡಾಸಿಟಿಯಲ್ಲಿ ತೆರೆದು ಹಿಂದಿನ ಎರಡು ಚಾನೆಲ್ ಮಾತ್ರ ಕೇಳಿ. ಅಲ್ಲಿ ಬೇರೆ ವಾದ್ಯ, ಬೇರೆ ದನಿ ಇದೆಯಾ, ಇಲ್ಲ ಮುಂದಿನದ್ದೇ ಹಾಡು ಪ್ರತಿಧ್ವನಿ ಹೊದ್ದು ಕೂತಿದೆಯಾ? ನೆನಪಿರಲಿ, ಹೆಡ್‌ಫೋನಿನ ಅಟ್ಮಾಸ್ ಅಂದ್ರೆ ಸಾಫ್ಟ್‌ವೇರ್ ಲೆಕ್ಕ ಹಾಕಿ ಎರಡು ಕಿವಿಗೆ ಇಳಿಸಿದ ರೂಪ. ಆಟೋದಲ್ಲಿ ಕೂತು ಕೊಟ್ಟ ತೀರ್ಪು ಪೂರ್ತಿ ತೀರ್ಪಲ್ಲ.

ಕೊನೆಗೆ ನನ್ನದೇ ಒಂದು ತಪ್ಪು

ಅಜ್ಜಿ ಬೀಸೋ ಪದ ಹಾಡಿದ್ದ ಒಂದು ಕ್ಯಾಸೆಟ್ ನನ್ನ ಹತ್ತಿರ ಇತ್ತು. ಲ್ಯಾಪ್‌ಟಾಪಿಗೆ ಏರಿಸಿದೆ. ಗರಗರ ಸದ್ದು ಜಾಸ್ತಿ ಅಂತ ನಾಯ್ಸ್ ತೆಗೆದು, ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ರೂಮ್ ಬದಲಾಯಿಸುವಾಗ ಕ್ಯಾಸೆಟ್ಟನ್ನ ಭಂಗಾರ್‌ವಾಲಾಗೆ ಕೊಟ್ಟೆ. ಅಪ್ಪನಿಗೆ ಕಳಿಸಿದಾಗ ಅವರು ಎರಡು ಸಲ ಕೇಳಿ, "ದನಿ ಸ್ವಚ್ಛ ಇದೆ ಕಣೋ. ಬೀಸುಕಲ್ಲು ಎಲ್ಲಿ?" ಅಂದ್ರು.

ನಾನು ಗರಗರ ಅಂತ ತೆಗೆದದ್ದರಲ್ಲಿ ಬೀಸುಕಲ್ಲೂ ಹೋಗಿತ್ತು. ಅದನ್ನ ಈಗ ಯಾವ ಅಟ್ಮಾಸ್ ತಂದುಕೊಡುತ್ತೆ?

ಊರಿನ ಮನೇಲಿ ಹಳೇ ಕ್ಯಾಸೆಟ್ ಇದ್ರೆ ಮೊದಲು ಇದ್ದದ್ದನ್ನ ಇದ್ದ ಹಾಗೇ ಒಂದು ಪ್ರತಿ ಮಾಡಿಡಿ, ಗರಗರ ಸಮೇತ. ರಿಪೇರಿಯನ್ನ ಇನ್ನೊಂದು ಪ್ರತಿಯ ಮೇಲೆ ಮಾಡಿ. ಕ್ಯಾಸೆಟ್ ಎಸೀಬೇಡಿ.